ಪತ್ರಿಕೆಗೆ ಹೋದ ಪಟ

ಹೆಸ್ಟರ್,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

೧೯೦೨ರ ನಮ್ಮ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡಕ್ಕೆ ಇವತ್ತು ಕಾಲೇಜಿನಲ್ಲಿ ಚಹಾಕೂಟವಿತ್ತು. ಗಂಡಸರನ್ನು ಒಳಗೆ ಬಿಡದೆ ಆಡುತ್ತಿದ್ದವರು ನಾವು. ಕೊನೆಯ ಪಂದ್ಯಕ್ಕೆ ಮುಂಚೆ, ಆಟಕ್ಕೆಂದು ಮೊಣಕಾಲವರೆಗಿನ ಚಲ್ಲಣ ತೊಟ್ಟ ನನ್ನ ಪಟ ಪತ್ರಿಕೆಯಲ್ಲಿ ಬಂತು. ಮಾನ ಹೋಯಿತೆಂದು ಅಪ್ಪ ಅಂದೇ ಬಂದು ನನ್ನನ್ನು ಮನೆಗೆ ಕರೆದೊಯ್ದರು. ನನ್ನ ಪೆಟ್ಟಿಗೆ ಕಟ್ಟುತ್ತಾ ನೀನು ನನಗಿಂತ ಹೆಚ್ಚು ಅತ್ತಿದ್ದೆ. ಫೌಲಿಗೆ ಸಿಗುವ ಎಸೆತಗಳನ್ನೆಲ್ಲ ತಂಡದ ಒಬ್ಬಳೇ ಎಸೆಯುವ ಕಾಲ ಅದು. ನನ್ನ ಜಾಗದಲ್ಲಿ ನೀನು ಎಸೆದೆ, ಗೆದ್ದೆ.

ಇವತ್ತು, ಆಗ ನಮಗೆ ಆಟ ಕಲಿಸುತ್ತಿದ್ದ ಮಿಸ್ ಥೇಯರ್ ನಗುತ್ತಾ, "ಆ ಪಟಾನ ಪೇಪರಿನವರಿಗೆ ಕೊಟ್ಟಿದ್ದು ಹೆಸ್ಟರೇ ಕಣೇ. ಘಾಟಿ ಹುಡುಗಿ. ನಿಂಗೆ ಹೇಳೇ ಇಲ್ವಾ?" ಎಂದರು.

"ಹೇಳಿದ್ಲು ಮಿಸ್," ಎಂದೆ.

ಯಾಕೆ ಹಾಗೆ ಸುಳ್ಳು ಹೇಳಿದೆನೋ. ದಿನಾ ಸಂಜೆ ನಾನು ಎಸೆದ ಚೆಂಡನ್ನು ಹೆಕ್ಕಿ ತರುತ್ತಿದ್ದವಳು ನೀನು. ನೀನೂ ಎಸಿ ಎಂದು ನಾನು ಒಮ್ಮೆಯೂ ಅಂದಿರಲಿಲ್ಲ.