ಆ ಯಂತ್ರಕ್ಕೆ ಅಣ್ಣನ ಹೆಸರು ಬೇಡ

ವೀಕ್ಷಣಾಲಯದ ನಿರ್ದೇಶಕರಿಗೆ,

ಈಗ ಸಂಜೆ ಆರು ಗಂಟೆ. ಇವತ್ತು ಎರಡು ಅಂಗಿ ಹೊಲಿದೆ, ಅಣ್ಣನ ಸ್ವೆಟರುಗಳನ್ನು ಒಗೆದು ಹರವಿದೆ, ಆಮೇಲೆ ನಿಮ್ಮ ಆಮಂತ್ರಣ ಓದಿದೆ.

ದೂರದರ್ಶಕ ಯಾವ ರಾತ್ರಿ ಆಕಾಶದ ಯಾವ ಭಾಗವನ್ನು ನೋಡಬೇಕೆಂದು ತಾನೇ ನಿರ್ಧರಿಸುವ ಪ್ರೋಗ್ರಾಮಿಗೆ ಅಣ್ಣನ ಹೆಸರಿಡುತ್ತೀರಂತೆ. ನಾಳೆ ನಾನು ಬಂದು ಗುಂಡಿ ಒತ್ತಿ ಆ ಹೆಸರಿನ ಫಲಕ ಅನಾವರಣ ಮಾಡಬೇಕಂತೆ. ಎಂಥ ದೊಡ್ಡ ಮನಸ್ಸು ನಿಮ್ಮದು!

ನಿಮ್ಮಲ್ಲಿ ರಾತ್ರಿ ಪಾಳಿಯಿದ್ದ ಆ ಕೊನೆಯ ದಿನ ಅಣ್ಣ ಜ್ವರದಲ್ಲಿ ನಡುಗುತ್ತಾ ನಿಮಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

“ಸಾರ್, ಪೂರ್ತಿ ಮೋಡ. ಇವತ್ತು ಏನೂ ನೋಡೋಕಾಗಲ್ಲ ಅಂತ ಪ್ರೋಗ್ರಾಮೇ ಹೇಳ್ತಿದೆ.”

“ಅದೇನಾದ್ರೂ ಹೇಳ್ಲಿ, ಪಕ್ಕದಲ್ಲಿ ಒಬ್ಬ ಮನುಷ್ಯ ಇರ್ಲೇಬೇಕು ಕಣಯ್ಯಾ. ನಾಟಕ ಆಡ್ಬೇಡ, ಹೊರಡು.”

ಬೆಟ್ಟದ ತಿರುವಿನಲ್ಲಿ ಅವನ ಸ್ಕೂಟರ್ ಉರುಳಿತು, ಅಣ್ಣ ಅಲ್ಲೇ ಹೋಗಿಬಿಟ್ಟ. ಆ ರಾತ್ರಿ ದೂರದರ್ಶಕದ ಗುಮ್ಮಟ ತೆರೆಯಲೇ ಇಲ್ಲ.

ದಯವಿಟ್ಟು ಫಲಕದಿಂದ ಅವನ ಹೆಸರು ತೆಗೆಸಿ. ನಿಮ್ಮ ಹೆಸರನ್ನೇ ಇಡಿ ಎನ್ನೋಣವೆಂದರೆ, ಪಾಪ, ಆ ಪ್ರೋಗ್ರಾಂ ಏನು ತಪ್ಪು ಮಾಡಿದೆ? ಅದು ಸರಿಯಾಗಿಯೇ ಹೇಳಿತ್ತು.

ಅವನ ಕಂಬಳಿ ನಿಮ್ಮಲ್ಲೇ ಉಳಿದಿದೆ. ಯಾರ ಕೈಯಲ್ಲಾದರೂ ಕಳಿಸಿ, ನೀವು ಬರುವುದು ಬೇಡ.

ಇಂತಿ,
ಅವನ ತಂಗಿ

ನಾಳೆ ನನ್ನ ಹೊಲಿಗೆ ಅಂಗಡಿ ಎಂದಿನಂತೆ ತೆರೆದಿರುತ್ತದೆ.