ನಡುಗದ ಅಕ್ಷರ

ಸಕಾತ್ಲಾನ್, ಪುಯೆಬ್ಲಾ
ಅಕ್ಟೋಬರ್ 28

ಪ್ರೀತಿಯ ರುತಿಲಿಯೊ,

ಎಷ್ಟೇ ಕೋಪವಿದ್ದರೂ ಮೊದಲು ಕ್ಷೇಮ ಕೇಳಬೇಕು ಅಂತ ಅಮ್ಮ ಕಲಿಸಿದ್ದಳಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಹೇಗಿದ್ದೀಯ? ನೊಯೆಮಿಯ ಸೊಂಟನೋವು ಕಡಿಮೆಯಾಯಿತೇ? ಚಿಕ್ಕವಳ ಕೆಮ್ಮು? ನೀಲಗಿರಿ ಎಲೆ ಕುದಿಸಿ ಹಬೆ ಕೊಡಿ, ನಿನ್ನ ಹೋಟೆಲಿನ ಏಸಿಯಲ್ಲಿ ಅವಳನ್ನು ಕೂರಿಸಬೇಡ. ಸರಿ, ಕ್ಷೇಮಸಮಾಚಾರ ಮುಗಿಯಿತು. ಇನ್ನು ಬೈಗುಳ. ಫೋನಿನಲ್ಲಿ ಬೈದರೆ "ಅಕ್ಕಾ, ಮೀಟಿಂಗಲ್ಲಿದ್ದೀನಿ" ಅಂತ ಇಟ್ಟುಬಿಡುತ್ತೀಯ. ಮೆಸೇಜು ಹಾಕಿದರೆ ಹೆಬ್ಬೆರಳು ತೋರಿಸುತ್ತೀಯ. ಅದಕ್ಕೇ ಕಾಗದ. ಪಕ್ಕದ ಮನೆಯ ಎಲಾಡಿಯಾ ಮಗಳ ಬಾಣಂತನಕ್ಕೆ ಅಂತ ಕಾನ್ಕುನ್‌ಗೆ ವಿಮಾನ ಹತ್ತುತ್ತಿದ್ದಾಳೆ. ಇಳಿದವಳೇ ನಿನ್ನ ಹೋಟೆಲಿಗೆ ಬಂದು, ನೀನು ಇದನ್ನು ಓದಿ ಮುಗಿಸುವ ತನಕ ಎದುರಿಗೇ ಕೂತಿರಬೇಕು ಅಂತ ಹೇಳಿದ್ದೇನೆ. ಅವಳಿಗೊಂದು ಕಾಫಿ ಕೊಡಿಸು.

ನೀನು ಅಪ್ಪನಿಗೆ ಕಳಿಸಿದ ಆ ಎರಡು ಎಲೆಕ್ಟ್ರಾನಿಕ್ ಬರೆಯುವ ಹಲಗೆಗಳ ವಿಷಯ. "ಎರಡನ್ನೂ ಹೋಲಿಸಿ ನೋಡಕ್ಕಾ, ಬೇಡದ್ದನ್ನ ಅಂಗಡಿಗೆ ವಾಪಸ್ ಮಾಡ್ಬೇಕು" ಅಂದಿದ್ದೆ. ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಹೋದ ಮೇಲೆ ನೀನು ಮಾಡಿದ ಒಂದೇ ಉಪಕಾರ ಅದು, ಹಾಗಾಗಿ ಮನಸ್ಸಿಟ್ಟು ಹೋಲಿಸಿದೆ. ದೊಡ್ಡದರೊಳಗೆ ದೀಪವಿದೆ. ಓದುವುದಕ್ಕೆ ಬಲು ಸೊಗಸು. ಅಕ್ಷರ ದಪ್ಪ ಮಾಡಿಕೊಂಡು ಅಪ್ಪ ಕನ್ನಡಕ ಹುಡುಕದೆ ಪತ್ರಿಕೆ, ಕಾದಂಬರಿ ಎಲ್ಲ ಓದುತ್ತಾರೆ, ಫೋನಿನ ಹಾಗೆ ಕಣ್ಣುರಿಯುವುದಿಲ್ಲ. ಬರೆಯಲು ಹೋದರೆ ಮಾತ್ರ ಪೆನ್ನು ಜಾರುತ್ತದೆ. "ಹಂದಿಕೊಬ್ಬು ಸವರಿದ ಕಾವಲಿ ಮೇಲೆ ಬರೆದ ಹಾಗಿದೆ" ಅಂತ ಅಪ್ಪ ಅದರ ಮೇಲೇ ಬರೆದು ತೋರಿಸಿದರು. ಮೇಲಾಗಿ ಆ ಪೆನ್ನಿಗೂ ಚಾರ್ಜ್ ಮಾಡಬೇಕಂತೆ, ಅರ್ಧ ಬೈಗುಳದಲ್ಲಿ ಸತ್ತುಹೋಗುತ್ತದೆ. ಚಿಕ್ಕದಕ್ಕೆ ದೀಪವಿಲ್ಲ. ನಮ್ಮೂರಿನ ಮಂಜಿಗೆ ಮಧ್ಯಾಹ್ನವೂ ಕಿಟಕಿಗೆ ಅಂಟಿಕೊಂಡು ಕೂರಬೇಕು. ಪುಟ ತಿರುಗಿಸಿದರೆ ಹಿಂದಿನ ಪುಟದ ನೆರಳು ಇನ್ನೂ ಅಲ್ಲೇ ಇರುತ್ತದೆ. ಆದರೆ ಅದರ ಮೈ ತುಸು ಒರಟು, ಪೆನ್ನು ಕರಕರ ಅನ್ನುತ್ತದೆ. ಆ ಸದ್ದು ಕೇಳಿ ಅಪ್ಪನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಈ ಊರಿನ ಅಂಗಡಿ ಬೋರ್ಡುಗಳನ್ನೆಲ್ಲ ಬರೆದ ಕೈ ಕಣೋ ಅದು. ಬೇಕರಿಯದು, ಔಷಧದಂಗಡಿಯದು, ಸೇಬಿನ ವೈನ್ ಮಾರುವವರದು. ಅಳತೆಪಟ್ಟಿ ಇಲ್ಲದೆ ಗೆರೆ ಎಳೆಯುತ್ತಿದ್ದರು, ಒಂದು ಗೆರೆಯೂ ಅಲುಗಿದ್ದಿಲ್ಲ. ಹಾಗಾಗಿ ಚಿಕ್ಕದೇ ಇರಲಿ ಅಂತ ನಿನಗೆ ಹೇಳುವವಳಿದ್ದೆ.

ಆದರೆ ನೀನು ಅದಕ್ಕೇನು ಮಾಡಿಟ್ಟಿದ್ದೀಯ? ಅಪ್ಪ ಬರೆದದ್ದು ಅಚ್ಚಿನ ಅಕ್ಷರವಾಗಿ ತಾನೇ ನಿನ್ನ ಫೋನಿಗೆ ಬಂದು ಬೀಳುವ ಹಾಗೆ. "ಕೈಬರಹ ಓದೋಕೆ ಪುರುಸೊತ್ತಿಲ್ಲಕ್ಕಾ, ಹೀಗಾದ್ರೆ ಲಿಫ್ಟಲ್ಲೇ ಓದ್ಬಹುದು" ಅಂತ ದೊಡ್ಡ ಸಾಧನೆ ಮಾಡಿದವನ ಹಾಗೆ ಹೇಳಿದ್ದೆ. ಓದಿದೆಯಲ್ಲ! ಸೋಮವಾರ ಅಪ್ಪ ಬೆಳಗಿನ ತಿಂಡಿಯನ್ನೂ ದೂಡಿ ಕಿಟಕಿಯ ಬಳಿ ಕೂತು ನಿನಗೆ ಬರೆದರು: "ಮಗನೇ, ಸಣಕಲಿ ಬಂದು ಮಂಚದ ತುದಿಯಲ್ಲಿ ಕೂತಿದ್ದಾಳೆ. ಹಬ್ಬ ಮುಗಿಯಲಿ ಅಂದೆ, ತಲೆಯಾಡಿಸಿದಳು. ಕುಂಚಗಳನ್ನು ತೊಳೆದಿಟ್ಟಿದ್ದೇನೆ. ನೀನು ಬಾ."

ಅದಕ್ಕೆ ನಿನ್ನ ಉತ್ತರ, ಹಲ್ಲು ಕಿರಿಯುವ ಗೊಂಬೆಗಳ ಸಾಲಿನ ಜೊತೆ: "ಸಣಕಲಿಗೆ ಕಾಫಿ ಕೊಡಪ್ಪ, ಸಕ್ಕರೆ ಹಾಕಿ ಜಾಸ್ತಿ, ನಿನ್ನ ಗೊರಕೆ ಕೇಳಿದಳೋ, ಬಿಡ್ತಾಳೆ ನಿನ್ನ ದೋಸ್ತಿ!" ಗಂಟಲನ್ನೇ ಕಳೆದುಕೊಂಡವರಿಗೆ ಗೊರಕೆಯ ಮಾತು! ಅಷ್ಟಕ್ಕೇ ನಿಲ್ಲಿಸಿದೆಯಾ? ಅಪ್ಪನ ಸಾಲುಗಳನ್ನು ಪ್ರಿಂಟ್ ಹಾಕಿಸಿ, ಹೋಟೆಲಿನಲ್ಲಿ ಸತ್ತವರ ಹಬ್ಬಕ್ಕೆ ಕಟ್ಟಿದ ಚೆಂಡುಹೂವಿನ ಕಮಾನಿನ ಕೆಳಗೆ ತೂಗುಹಾಕಿ, ನನಗೆ ಫೋಟೋ ಬೇರೆ ಕಳಿಸಿದೆ. "ನಮ್ಮಪ್ಪಂದು ಈ ವರ್ಷದ್ದು ಸೂಪರ್, ಗಿರಾಕಿಗಳೆಲ್ಲ ನಗ್ತಿದ್ದಾರೆ."

ಹಬ್ಬದ ನಗೆಪದ್ಯ ಅಂದುಕೊಂಡೆ, ಅಲ್ಲವೇ? ಹೌದಪ್ಪ, ಅಕ್ಟೋಬರ್ ಬಂತೆಂದರೆ ಸಾವನ್ನು ಸಣಕಲಿ ಅಂತ ಕರೆದು, ಬದುಕಿದ್ದವರನ್ನೆಲ್ಲ ಸಾಯಿಸಿ ಪದ್ಯ ಕಟ್ಟುವುದು ನಮ್ಮ ಪದ್ಧತಿ. ಅಪ್ಪ ಪಾದ್ರಿಯನ್ನು ಸಾಯಿಸಿದರು, ಮೇಯರನ್ನು ಸಾಯಿಸಿದರು, ನನ್ನನ್ನಂತೂ ವರ್ಷಕ್ಕೊಮ್ಮೆ ಸೂಪಿನ ಪಾತ್ರೆಯಲ್ಲಿ ಮುಳುಗಿಸಿದರು. ಆದರೆ ಪ್ರಾಸವಿಲ್ಲದೆ ಅವರು ಯಾವತ್ತಾದರೂ ಒಂದು ಪದ್ಯ ಕಟ್ಟಿದ್ದುಂಟೇನೋ, ಮಂಕೇ? ಯಾವ ಪದ್ಯದ ಕೊನೆಗೆ "ನೀನು ಬಾ" ಅಂತ ಬರೆದಿದ್ದರು? ಎಲ್ಲಿಂದ ಗೊತ್ತಾಗಬೇಕು! ನಿನಗೆ ಬಂದದ್ದು ಇಸ್ತ್ರಿ ಹಾಕಿದಂಥ ಅಕ್ಷರ. ನನ್ನ ಕಣ್ಣೆದುರು ಅಪ್ಪ "ಬಾ" ಎಂಬುದನ್ನು ಬರೆದು, ಅಳಿಸಿ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮತ್ತೆ ಬರೆದರು. ಸಾಲುಗಳೆಲ್ಲ ಕೆಳಕ್ಕೆ ಜಾರಿ ಮೂಲೆ ಸೇರಿದ್ದವು. ಆ ದರಿದ್ರ ಯಂತ್ರ ಅದನ್ನೆಲ್ಲ ನೆಟ್ಟಗೆ ಮಾಡಿ ಕಳಿಸಿತು. ನನಗೆ ಅದರ ಮೇಲೆ ಇಷ್ಟು ಕೋಪ ಬಂದಿದೆ, ನಿನ್ನ ಮೇಲೆ ಅದಕ್ಕಿಂತ ಜಾಸ್ತಿ.

ನಿನ್ನ ಉತ್ತರ ಓದಿ ಅಪ್ಪನ ಭುಜಗಳು ಕುಲುಕಿದವು. ದನಿ ಇಲ್ಲದ್ದರಿಂದ ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಆಮೇಲೆ "ಪ್ರಾಸ ಚೆನ್ನಾಗಿದೆ" ಅಂತ ಬರೆದು ನನಗೆ ತೋರಿಸಿ, ಹಲಗೆಯನ್ನು ಮಗುಚಿಟ್ಟರು. ಅಂದಿನಿಂದ ಅದನ್ನು ಮುಟ್ಟಿಲ್ಲ. ಹಬ್ಬದಾಚೆಗೆ ಉಳಿಯುತ್ತಾರೆ ಅಂತ ಮಾತು ಕೊಡಲಾರೆ ಅಂದಿದ್ದಾರೆ ಡಾಕ್ಟರು. ಅದನ್ನು ಹೇಳಲೆಂದೇ ಫೋನ್ ಮಾಡಿದ್ದೆ. ನೀನು ಮೀಟಿಂಗಿನಲ್ಲಿದ್ದೆ.

ಎರಡು ಹಲಗೆಗಳನ್ನೂ ಡಬ್ಬಿಗೆ ಹಾಕಿಟ್ಟಿದ್ದೇನೆ. ಇನ್ನೂ ಒಳ್ಳೆಯ ಮೂರನೆಯದೊಂದಿದೆ ಅಂತ ಬರೆದರೆ ನಿನ್ನ ಕಾಲು ಮುರಿಯುತ್ತೇನೆ.

ನೊಯೆಮಿಗೂ ಮಕ್ಕಳಿಗೂ ದೇವಮಾತೆ ಒಳ್ಳೆಯದು ಮಾಡಲಿ. ನಿನಗೂ ಮಾಡಲಿ, ಅಮ್ಮನಿದ್ದಿದ್ದರೆ ಹಾಗೇ ಹರಸುತ್ತಿದ್ದಳು.

ನಿನ್ನ ಅಕ್ಕ,
ಒತಿಲಿಯಾ

ತಾ.ಕ.: ಎಲಾಡಿಯಾ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ ಯಾರೋ ಮಗು ಗೀಚಿದ್ದು ಅಂದುಕೊಂಡಿರುತ್ತೀಯ. ಮಗುವಲ್ಲ. ನಾನು ಬರೆಯಹೊರಟಾಗ ಅಪ್ಪ ಪೆನ್ನು ಕಿತ್ತುಕೊಂಡು ಬರೆದದ್ದು. ಕೊನೆಯ ಅಕ್ಷರಕ್ಕೆ ಅವರಿಗೆ ಜಾಗ ಸಾಲಲಿಲ್ಲ. ಇನ್ನೊಂದು ಸಲ ನೋಡು, ಹೊರಡು.