ಅಪ್ಪನ ಜಾಗದಲ್ಲಿ ನನ್ನ ಸಹಿ

ಜೂನ್ 3, ಸಂಜೆ
ಇವತ್ತೂ ಇನ್ನೂರು ಕಾಲರ್ ಹೊಲಿದೆ. ಬೆರಳು ಮರಗಟ್ಟಿದೆ. ಸೂಪರ್‌ವೈಸರ್ ಫಾರಂ ಹಂಚಿದ. ಹೊಸ ಕಾನೂನಂತೆ — ಹೆಂಗಸರು ದುಡಿಯಲು ಅಪ್ಪ ಇಲ್ಲವೇ ಗಂಡ ಸಹಿ ಹಾಕಬೇಕು. ಹನ್ನೆರಡನೇ ತಾರೀಖು ಕಾರ್ಮಿಕ ಕಚೇರಿಗೆ ಕೊಡದಿದ್ದರೆ ಕೆಲಸ ಇಲ್ಲ.
"ಕೊಡಮ್ಮಾ, ಒಂದು ಗೀಟು ತಾನೇ?" ಮನೆಗೆ ಬಂದರೆ ಅಪ್ಪ ಕನ್ನಡಕ ಹುಡುಕಿದರು. ನಾನು ಕೊಡಲಿಲ್ಲ. ಅಪ್ಪ ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.
"ಅಮ್ಮ ಹಾಕಿದ್ರೆ?" ಎಂದೆ.
"ನನ್ನದು ನಡೆಯಲ್ವಂತೆ ಕಣೇ," ಅಮ್ಮ ಒಳಗಿನಿಂದ. "ನಿನ್ನ ಹೆತ್ತಿದ್ದಷ್ಟೇ ನಾನು."

ಜೂನ್ 4
ಊಟದ ಬಿಡುವಿನಲ್ಲಿ ಬಾಯಿ ಬಿಟ್ಟೆ — ನನ್ನ ಸಹಿ ನಾನೇ ಹಾಕ್ತೀನಿ.
"ಒಂಬತ್ತನೇ ಕ್ಲಾಸಲ್ಲೇ ಸ್ಕೂಲಿಗೆ ನಮಸ್ಕಾರ ಹೊಡೆದವಳು ಕಾನೂನು ಓದ್ತಾಳೆ ನೋಡ್ರೇ!" ಕಾಜಾ ಹೊಲಿಯುವ ಅಕ್ಕ ನಕ್ಕಳು. ನಗುತ್ತಲೇ ತನ್ನ ಫಾರಂಗೆ ತಾನೇ ಸಹಿ ಹಾಕಿದಳು. "ನನ್ನ ಗಂಡ ಸತ್ತು ಎಂಟು ವರ್ಷ. ಯಾವ ಲೋಕದಿಂದ ಕರೆಸ್ಲಿ?"
ಸಂಜೆಗೆ ತಾವೇ ಸಹಿ ಹಾಕಿದವರು ನಲವತ್ತಾರು ಜನ!

ಜೂನ್ 11, ಬೆಳಿಗ್ಗೆ
ಸಂಜೆ ಕಾರ್ಮಿಕ ಕಚೇರಿ ಮುಂದೆ ಕೂರಲು ಬ್ಯಾನರ್ ಬರೆದೆ. ಬಟ್ಟೆಗೆ ಗುರುತು ಹಾಕುವ ಪೆನ್ನಿನಲ್ಲೇ, ದಪ್ಪಗೆ — ನಮ್ಮ ದುಡಿಮೆಗೆ ನಮ್ಮದೇ ಸಹಿ.
"ಸುಕ್ಕು ಬಟ್ಟೆ ಹಿಡ್ಕೊಂಡು ಹೋದ್ರೆ ನಮ್ಮ ಕಸುಬಿಗೇ ಅವಮಾನ," ಎಂದು ಅಕ್ಕ ಇಸ್ತ್ರಿ ಹಾಕಿದಳು. ಬಿಸಿ ತಾಗಿದ್ದೇ ಅಕ್ಷರವೆಲ್ಲ ಮಾಯ. ಇಸ್ತ್ರಿ ತಾಗಿದರೆ ಅಳಿಯಲೆಂದೇ ಇರುವ ಪೆನ್ನು ಅದು! ದಿನಾ ಬಳಸುವವರು ನಾವು. ಒಬ್ಬಳಿಗೂ ಹೊಳೆಯಲಿಲ್ಲ.

ಅದೇ ದಿನ, ಸಂಜೆ
ಖಾಲಿ ಬಟ್ಟೆ ಹಿಡಿದೇ ಕಚೇರಿ ಮುಂದೆ ಕೂತೆವು.
"ಏನ್ರಮ್ಮಾ, ಇದರಲ್ಲಿ ಏನೂ ಬರೆದಿಲ್ವಲ್ಲ?" ಪೊಲೀಸಿನವನು.
"ಹಂಗಾದ್ರೆ ಯಾವುದರ ಮೇಲೆ ಕೇಸ್ ಹಾಕ್ತೀರಣ್ಣ?" ಅಕ್ಕ. ಅವನಿಗೂ ನಗು.
ಆಮೇಲೆ ಸೂಜಿ ತೆಗೆದೆವು. ಒಬ್ಬೊಬ್ಬಳೂ ತನ್ನ ಹೆಸರು ಹೊಲಿದಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರೂ ಕೂತರು. ಅಮ್ಮನೂ ಬಂದಳು! ನಾಳೆ ಫಾರಂ ಕೊಡುವುದು.

ಜೂನ್ 12, ಕಚೇರಿ ಮೆಟ್ಟಿಲು, 11:20
ಕಾಯುತ್ತ ಕೂತಲ್ಲೇ ಬರೆಯುತ್ತಿದ್ದೇನೆ. ಸಾಲಿನಲ್ಲಿ ಮೊದಲು ನಾನೇ. ಅಪ್ಪನೂ ಜೊತೆಗೆ ಬಂದರು.
"ಈ ಸಹಿ ನಡೆಯಲ್ಲ. ಬೇರೆ ಫಾರಂ ಇದೆಯೇನಮ್ಮಾ?" ಎಂದ ಗುಮಾಸ್ತ.
ಇಲ್ಲ ಎನ್ನಬಹುದಿತ್ತು. ಸುಳ್ಳಿಗೆ ಬಾಯಿ ಬರಲಿಲ್ಲ. "ಇದೆ ಸಾರ್. ಕೆಲಸ ಹೋಗುತ್ತೆ ಅಂತ ಹೆದರಿ, ಅಪ್ಪನ ಸಹಿ ಹಾಕಿಸೋಕೆ ಇನ್ನೊಂದು ಖಾಲಿ ಫಾರಂ ಇಟ್ಕೊಂಡಿದ್ದೆ. ಕೊಡಲ್ಲ."
ಹಿಂದಿದ್ದವರೆಲ್ಲ ಕೇಳಿಸಿಕೊಂಡರು. ಮುಖ ಕಾದ ಹೆಂಚಾಯಿತು.
ಗುಮಾಸ್ತ ಅಪ್ಪನತ್ತ ಪೆನ್ನು ಚಾಚಿದ. "ನೀವಾದ್ರೂ ಹಾಕ್ರಿ ಯಜಮಾನ್ರೇ."
ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. "ಅವಳ ಕೈಗೇನಾಗಿದೆ ಸ್ವಾಮಿ?"
ತನ್ನಿಂದಾಗದೆಂದು ಗುಮಾಸ್ತ ನಲವತ್ತಾರೂ ಫಾರಂ ದೊಡ್ಡ ಸಾಹೇಬರ ಕೋಣೆಗೆ ಒಯ್ದು ಅರ್ಧ ಗಂಟೆಯಾಯಿತು. ಯಾರೂ ಕದಲಿಲ್ಲ.
ಬಾಗಿಲು ತೆರೆಯಿತು. ಸಾಹೇಬರೇ! ಕೈಯಲ್ಲಿರುವ ಕಟ್ಟಿನ ಮೇಲೆ ನನ್ನ ಫಾರಂ. ಕರೀತಿದ್ದಾರೆ, ನನ್ನ ಹೆಸ—